ಹಗಲು ನಿದ್ದೆಗೆ ಕತ್ತಲೆ ಯಾಕೆ, ನೆರಳು ಸಾಕು

ಈಚೆಗೆ ನಮ್ಮ ಬಳಗದಲ್ಲಿ ಯಾರಿಗೆ ಮಗುವಾದರೂ ತೊಟ್ಟಿಲಿನ ಜೊತೆಗೆ ಇನ್ನೊಂದು ವಸ್ತು ಮನೆಗೆ ಬರುತ್ತದೆ. ಕಿಟಕಿಗೆ ಹಾಕುವ ದಪ್ಪ ಪರದೆ. ಅಂಗಡಿಯಲ್ಲಿ ಬ್ಲ್ಯಾಕ್‌ಔಟ್ ಕರ್ಟನ್ ಅಂತ ಕೇಳಿದರೆ ಕೊಡುತ್ತಾರೆ. ಅದನ್ನು ಎಳೆದರೆ ಮಟಮಟ ಮಧ್ಯಾಹ್ನವೂ ಕೋಣೆ ಗವ್ವೆನ್ನುತ್ತದೆ. ಮಗು ಹಗಲು ಹೊತ್ತು ಚೆನ್ನಾಗಿ ಮಲಗಬೇಕಾದರೆ ಕೋಣೆ ಹೀಗೇ ಇರಬೇಕು ಅಂತ ಹೊಸ ತಾಯಂದಿರು ಮೊಬೈಲಿನಲ್ಲಿ ನೋಡಿರುತ್ತಾರೆ. ಕುವೆಂಪುನಗರದಲ್ಲಿರುವ ನನ್ನ ತಂಗಿಯೂ ಫೋನ್ ಮಾಡಿ ಅದನ್ನೇ ಕೇಳಿದಳು. "ಅಕ್ಕ, ನಿಜವಾಗ್ಲೂ ಕತ್ತಲೆ ಬೇಕಾ? ಬೆಳಕಲ್ಲಿ ಮಲಗಿದ್ರೆ ಪಾಪೂಗೆ ಅದು ಸರಿಯಾದ ನಿದ್ದೆ ಅಲ್ವಂತೆ."

ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಗಲು ನಿದ್ದೆಗೆ ಕತ್ತಲೆ ಕೋಣೆ ಬೇಕಿಲ್ಲ. ಮೊದಲ ಮೂರು ತಿಂಗಳಂತೂ ಹಗಲಿನಲ್ಲಿ ಬೆಳಕೇ ಇರಲಿ. ಆಮೇಲೆ ಕೆಲವು ಮಕ್ಕಳಿಗೆ ಸ್ವಲ್ಪ ನೆರಳು ಬೇಕಾಗುತ್ತದೆ. ನೆರಳಿಗೂ ಕತ್ತಲೆಗೂ ತುಂಬಾ ವ್ಯತ್ಯಾಸ ಇದೆ. ಹುಟ್ಟಿದ ಮೊದಲ ವಾರದಲ್ಲಿ ಆ ವ್ಯತ್ಯಾಸ ಮಗುವಿನ ಪ್ರಾಣದ ಪ್ರಶ್ನೆಯೂ ಆಗಬಹುದು. ಅದಕ್ಕೆ ಆಮೇಲೆ ಬರುತ್ತೇನೆ.

ಸೋಜಿಗ ಏನೆಂದರೆ, ಈ ಒಂದು ವಿಷಯದಲ್ಲಿ ಮೊಬೈಲೂ ಅಜ್ಜಿಯೂ ಒಂದೇ ಮಾತು ಹೇಳುತ್ತಾರೆ. ನಮ್ಮ ಕಡೆ ಬಾಣಂತಿ ಕೋಣೆ ಅಂದರೆ ಮನೆಯ ಒಳಗಿನ ಕೋಣೆ. ಕಿಟಕಿ ಇದ್ದರೂ ಮುಚ್ಚಿರುತ್ತದೆ. ಗಾಳಿ ತಾಕಬಾರದು, ಶೀತ ಆಗಬಾರದು, ಬಂದವರ ಕಣ್ಣು ಬೀಳಬಾರದು. ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಹಂಡೆ ನೀರಿನ ಸ್ನಾನ ಆದ ಮೇಲೆ ಸಾಂಬ್ರಾಣಿ ಹೊಗೆ. ಮಂಡ್ಯ ಕಡೆಯ ತೊಟ್ಟಿ ಮನೆಗಳಲ್ಲಿ ಬೆಳಕು ಬರುವುದೇ ನಡುವಿನ ತೊಟ್ಟಿಯಿಂದ. ಒಳಕೋಣೆಗೆ ಸೂರಿನಲ್ಲಿ ಕೂಡಿಸಿದ ಗಾಜಿನ ಹೆಂಚಿನಿಂದ ಒಂದು ಚೂರು ಬಿಸಿಲು ಇಳಿದರೆ ಹೆಚ್ಚು. ಅಜ್ಜಿಯ ಕಾರಣ ಬೇರೆ, ಮೊಬೈಲಿನ ಕಾರಣ ಬೇರೆ. ಕೂಸು ಮಾತ್ರ ಎರಡು ಕಡೆಯೂ ಕತ್ತಲಲ್ಲೇ.

ಆದರೆ ಅದೇ ಅಜ್ಜಿಯಂದಿರ ಹತ್ತಿರ ಇನ್ನೊಂದು ಅನುಭವವೂ ಇದೆ. ನಮ್ಮ ಅಮ್ಮ ಪಾಂಡವಪುರದ ಕಡೆಯವರು. ಬಾಣಂತನ ಮುಗಿದ ಮೇಲೆ ಗದ್ದೆಗೆ ಇಳಿದವರು. ಪರದೆಯ ಮಾತು ಬಂದಾಗ ಅವರು ಹೇಳಿದ್ದು ಇಷ್ಟು: "ನಾಟಿಗೆ ಹೋಗ್ತಿದ್ವಲ್ಲ, ಅಲ್ಲಿ ಯಾರು ಪರದೆ ಕಟ್ಟಿದ್ರು ಕಣವ್ವ? ಹೊಂಗೆ ಮರದಡೀಲಿ ಸೀರೆ ಕಟ್ಟಿ ಕೂಸ್ನ ಹಾಕ್ಬುಟ್ರೆ ಬುತ್ತಿ ಬರೋಗಂಟ ಮಲಗ್ತಿತ್ತು."

ಆ ಜೋಲಿ ನಾನೂ ನೋಡಿದ್ದೇನೆ. ಒಗೆದು ಒಗೆದು ಮೆತ್ತಗಾದ ಹಳೇ ಹತ್ತಿ ಸೀರೆ. ಎರಡು ತುದಿ ಸೇರಿಸಿ ಕೊಂಬೆಗೆ ಗಂಟು. ಒಳಗೆ ಬಗ್ಗಿ ನೋಡಿದರೆ ಬೆಳಕು ಇರುತ್ತದೆ, ಆದರೆ ಸೀರೆಯ ಬಣ್ಣದಲ್ಲಿ ಇರುತ್ತದೆ. ಹಸಿರು ಸೀರೆಯಾದರೆ ಮಗುವಿನ ಕೆನ್ನೆಯ ಮೇಲೂ ತೆಳು ಹಸಿರು. ಹೊಂಗೆ ಎಲೆ ಅಲ್ಲಾಡಿದಾಗ ಬಟ್ಟೆಯ ಮೇಲೆ ಬಿಸಿಲಿನ ಚುಕ್ಕೆಗಳು ಓಡಾಡುತ್ತವೆ. ಮಗುವಿಗೆ ಅದರ ಪರಿವೆಯೇ ಇಲ್ಲ. ಬದಿಯಲ್ಲಿ ಹೆಂಗಸರು ಜೋರಾಗಿ ಮಾತಾಡುತ್ತಿರುತ್ತಾರೆ, ನಾಲೆಯ ಮೇಲೆ ಟ್ರ್ಯಾಕ್ಟರ್ ಹೋಗುತ್ತದೆ, ಕೂಸು ಬಾಯಿ ಅರೆ ತೆರೆದು ಮಲಗಿರುತ್ತದೆ. (ಜೋಲಿಯನ್ನು ಹೊಗಳಿದೆ ಅಂತ ಹೋಗಿ ಮನೆಯಲ್ಲಿ ಕಟ್ಟಬೇಡಿ. ಪುಟ್ಟ ಕೂಸಿನ ಗಲ್ಲ ಎದೆಗೆ ಒತ್ತಿಕೊಂಡರೆ ಉಸಿರಿಗೆ ತೊಂದರೆ. ಗಟ್ಟಿಯಾದ, ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು ಅಂತ ಮಕ್ಕಳ ಡಾಕ್ಟರುಗಳು ಹೇಳುವುದು ಅದಕ್ಕೇ.)

ಅಷ್ಟು ಬೆಳಕಿನಲ್ಲಿ ಅದು ಹೇಗೆ ಮಲಗಿತು? ನಿದ್ದೆ ಬರುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ. ಜ್ಯೂರಿಕ್‌ನ ಅಲೆಕ್ಸಾಂಡರ್ ಬೊರ್ಬೆಲಿ ಅನ್ನುವ ವಿಜ್ಞಾನಿ 1982ರಲ್ಲಿ ಇದನ್ನು ಸ್ಪಷ್ಟವಾಗಿ ಬಿಡಿಸಿ ಹೇಳಿದರು. ಒಂದು, ಎದ್ದಿರುವ ಹೊತ್ತು ಹೆಚ್ಚಾದಂತೆ ಮಿದುಳಿನಲ್ಲಿ ಕೂಡುತ್ತಾ ಹೋಗುವ ನಿದ್ದೆಯ ಒತ್ತಡ. ಇನ್ನೊಂದು, ಹಗಲು ರಾತ್ರಿಯ ಲೆಕ್ಕ ಇಡುವ ದೇಹದ ಗಡಿಯಾರ. ದೊಡ್ಡವರಿಗೆ ಬೆಳಗ್ಗೆ ಎದ್ದಾಗಿನಿಂದ ರಾತ್ರಿಯವರೆಗೆ ಒತ್ತಡ ನಿಧಾನವಾಗಿ ಏರುತ್ತದೆ. ಹಸುಗೂಸಿನದು ಚಿಕ್ಕ ಚೊಂಬು, ಬೇಗ ತುಂಬುತ್ತದೆ. ಒಂದು ಗಂಟೆ ಎಚ್ಚರ ಇದ್ದರೆ ಸಾಕು, ಕಣ್ಣು ಎಳೆಯುತ್ತದೆ. ಹಗಲು ನಿದ್ದೆಯನ್ನು ತರುವುದು ಹೆಚ್ಚಾಗಿ ಈ ಒತ್ತಡವೇ. ಅದಕ್ಕೆ ಕಿಟಕಿಯ ಹಂಗಿಲ್ಲ. ಎಣ್ಣೆ ಹಚ್ಚಿ, ನೀರು ಹಾಕಿ, ಹಾಲು ಕುಡಿಸಿದ ಮಗು ಜಗುಲಿಯ ಬೆಳಕಿನಲ್ಲೇ ಮಲಗುವುದನ್ನು ಎಲ್ಲರೂ ನೋಡಿದ್ದೀರಿ ಅಲ್ವಾ? ಹಸಿವು ತೀರಿ, ಮೈ ಬೆಚ್ಚಗಾಗಿ, ಹೊತ್ತು ಸರಿಯಾಗಿದ್ದರೆ ನಿದ್ದೆ ಬರುತ್ತದೆ.

ಬೆಳಕಿನ ಕೆಲಸ ಇರುವುದು ಎರಡನೆಯದರಲ್ಲಿ, ಗಡಿಯಾರದಲ್ಲಿ. ಮಿದುಳಿನ ತಳಭಾಗದಲ್ಲಿ, ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಜೀವಕೋಶಗಳ ಒಂದು ಪುಟ್ಟ ಗುಂಪಿದೆ. ದಿನದ ಗಡಿಯಾರ ಅದು. ಕಣ್ಣಿನ ಹಿಂಬದಿಯ ಪೊರೆಯಲ್ಲಿ ನೋಟಕ್ಕೆ ಸಂಬಂಧಪಡದ, ಸುಮ್ನೆ ಬೆಳಕು ಎಷ್ಟಿದೆ ಅಂತ ಅಳೆದು ಈ ಗಡಿಯಾರಕ್ಕೆ ತಿಳಿಸುವ ಬೇರೆ ಜೀವಕೋಶಗಳಿವೆ. ನೀಲಿ ಬೆಳಕಿಗೆ ಅವು ಜಾಸ್ತಿ ಎಚ್ಚರ. ಕತ್ತಲಾದ ಮೇಲೆ ಮೆಲಟೋನಿನ್ ಅನ್ನುವ ರಸ ಒಸರುತ್ತದೆ, ಇನ್ನು ರಾತ್ರಿ ಅಂತ ಇಡೀ ದೇಹಕ್ಕೆ ತಿಳಿಯುತ್ತದೆ. ಇಂಥ ಗಡಿಯಾರ ಜೀವಕೋಶದ ಒಳಗೆ ಹೇಗೆ ಓಡುತ್ತದೆ ಅನ್ನುವುದನ್ನು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು.

ಹುಟ್ಟಿದ ಮಗುವಿನಲ್ಲಿ ಈ ಗಡಿಯಾರ ಇನ್ನೂ ಹಳಿಗೆ ಬಂದಿರುವುದಿಲ್ಲ. ಹೊಟ್ಟೆಯಲ್ಲಿ ಇದ್ದಾಗ ಅಮ್ಮನ ಮೆಲಟೋನಿನ್ನೇ ಮಾಸಿನ ಮೂಲಕ ಕೂಸಿಗೂ ಹೋಗುತ್ತಿತ್ತು. ಅಮ್ಮನ ರಾತ್ರಿಯೇ ಅದರ ರಾತ್ರಿ. ಹೊಕ್ಕುಳ ಬಳ್ಳಿ ಕತ್ತರಿಸಿದ ಮೇಲೆ ಆ ಸುದ್ದಿ ನಿಲ್ಲುತ್ತದೆ. ತನ್ನದೇ ಮೆಲಟೋನಿನ್ ಹಗಲು ರಾತ್ರಿಗೆ ತಕ್ಕಂತೆ ಏರಿಳಿಯಲು ಎರಡು ಮೂರು ತಿಂಗಳು ಬೇಕು. ಈ ನಡುವೆ ಮಗುವಿಗೆ ಎರಡು ಸುಳಿವು ಸಿಗುತ್ತವೆ. ಒಂದು ಎದೆಹಾಲು: ರಾತ್ರಿಯ ಹಾಲಿನಲ್ಲಿ ಮೆಲಟೋನಿನ್ ಇರುತ್ತದೆ, ಹಗಲಿನ ಹಾಲಿನಲ್ಲಿ ಹೆಚ್ಚುಕಡಿಮೆ ಇಲ್ಲ. ಇನ್ನೊಂದು ಕಣ್ಣಿಗೆ ಬೀಳುವ ಬೆಳಕು. ಬಾಣಂತಿ ಕೋಣೆಯನ್ನು ಇಪ್ಪತ್ತನಾಲ್ಕು ಗಂಟೆ ಒಂದೇ ಸಮ ಮಬ್ಬಾಗಿ ಇಟ್ಟರೆ ಆ ಎರಡನೇ ಸುಳಿವನ್ನು ನಾವೇ ಕಿತ್ತುಕೊಂಡ ಹಾಗೆ. "ಹಗಲು ರಾತ್ರಿ ಉಲ್ಟಾ ಮಾಡ್ಕೊಂಡಿದೆ ನೋಡಿ" ಅಂತ ತಾಯಂದಿರು ಸುಸ್ತಾಗಿ ಹೇಳುತ್ತಾರಲ್ಲ, ಹಗಲು ಯಾವುದು ಅಂತ ನಾವು ಅದಕ್ಕೆ ತೋರಿಸಿದ್ದೇವಾ ಅಂತ ಮೊದಲು ಕೇಳಿಕೊಳ್ಳಬೇಕು.

ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಯವಾನ್ ಹ್ಯಾರಿಸನ್ ಅನ್ನುವವರು ಇದನ್ನು ಅಳೆದು ನೋಡಿದರು. 6ರಿಂದ 12 ವಾರದ ಕೂಸುಗಳು. ಮನೆಯಲ್ಲೇ ಅವುಗಳಿಗೆ ಬೀಳುವ ಬೆಳಕನ್ನೂ ಅವುಗಳ ನಿದ್ದೆಯನ್ನೂ ದಾಖಲು ಮಾಡಿದರು. ರಾತ್ರಿ ಚೆನ್ನಾಗಿ ಮಲಗುವ ಮಕ್ಕಳಿಗೆ ಮಧ್ಯಾಹ್ನ 12ರಿಂದ 4 ಗಂಟೆಯ ಹೊತ್ತಿನಲ್ಲಿ ಜಾಸ್ತಿ ಬೆಳಕು ಸಿಕ್ಕಿತ್ತು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಚಿಕ್ಕ ಅಧ್ಯಯನ, ಬೆಳಕೊಂದೇ ಕಾರಣ ಅಂತ ಅದರಿಂದ ಸಾಧಿಸಲು ಆಗುವುದಿಲ್ಲ. ಆದರೂ ಗಡಿಯಾರದ ಬಗ್ಗೆ ಉಳಿದೆಲ್ಲ ಗೊತ್ತಿರುವುದಕ್ಕೆ ಅದು ಸರಿಯಾಗಿ ಹೊಂದುತ್ತದೆ. ಮಧ್ಯಾಹ್ನ 12ರಿಂದ 4 ಅಂದರೆ ಪರದೆ ಎಳೆಯಿರಿ ಅಂತ ಹೇಳುವ ಹೊತ್ತೇ ಅದು.

ಬೆಳಕು ಅಂದರೆ ಬಿಸಿಲಲ್ಲಿ ಮಲಗಿಸಿ ಅಂತಲ್ಲ. ಎಳೆ ಚರ್ಮಕ್ಕೆ ನೇರ ಬಿಸಿಲು ಬೇಡ. ಡಿ ವಿಟಮಿನ್‌ಗೆ ಅಂತ ಬಿಸಿಲು ಕಾಯಿಸುವುದೂ ಬೇಡ, ಅದಕ್ಕೆ ಮೊದಲ ವರ್ಷ ದಿನಕ್ಕೆ 400 ಯೂನಿಟ್‌ನ ಹನಿ ಕೊಡಿ ಅಂತ ಭಾರತದ ಮಕ್ಕಳ ವೈದ್ಯರ ಸಂಘವೇ ಹೇಳಿದೆ. ಕಿಟಕಿ ತೆಗೆದ ಕೋಣೆ, ಇಲ್ಲ ಮನೆ ಮುಂದಿನ ಜಗುಲಿ, ಅಷ್ಟು ಸಾಕು. ಟ್ಯೂಬ್‌ಲೈಟ್ ಹಾಕಿದ ಹಾಲಿನಲ್ಲಿ ನೂರಿನ್ನೂರು ಲಕ್ಸ್ (ಬೆಳಕಿನ ಅಳತೆ) ಬೆಳಕು ಇರಬಹುದು. ಹಗಲು ಹೊರಗೆ ಮರದ ನೆರಳಿನಲ್ಲೂ ಸಾವಿರಾರು ಲಕ್ಸ್ ಇರುತ್ತದೆ. ನಮ್ಮ ಕಣ್ಣಿಗೆ ಎರಡೂ "ಬೆಳಕು" ಅಷ್ಟೇ. ಗಡಿಯಾರಕ್ಕೆ ಹಾಗಲ್ಲ.

ಇನ್ನು ಆ ಕಪ್ಪು ಪರದೆ ಎಲ್ಲಿಂದ ಬಂತು ಅನ್ನುವುದನ್ನೂ ನೋಡಬೇಕು. ಲಂಡನ್ನಿನಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತು ಕಾಲು ದಾಟಿರುತ್ತದೆ. ಬೆಳಗ್ಗೆ ಐದಕ್ಕೆ ಮುಂಚೆಯೇ ಮತ್ತೆ ಬೆಳಕು. ಅಲ್ಲಿ ಮಕ್ಕಳನ್ನು ಸಂಜೆ ಏಳಕ್ಕೆ ಬೇರೆ ಕೋಣೆಯಲ್ಲಿ ಮಲಗಿಸುವ ರೂಢಿ. ಏಳಕ್ಕೆ ಕಿಟಕಿಯಲ್ಲಿ ಹೊಳೆಯುವ ಬಿಸಿಲು ಇದ್ದರೆ ಯಾವ ಮಗು ಮಲಗೀತು? ಅವರಿಗೆ ಪರದೆ ಬೇಕು, ಅದು ನ್ಯಾಯ. ನಮ್ಮ ಮೈಸೂರಿನಲ್ಲಿ ಹಾಗಿಲ್ಲ. ಸೂರ್ಯ ವರ್ಷಪೂರ್ತಿ ಸಂಜೆ ಆರರ ಆಸುಪಾಸಿನಿಂದ ಏಳರ ಒಳಗೆ ಮುಳುಗುತ್ತಾನೆ. ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟು ವ್ಯತ್ಯಾಸ ಅಷ್ಟೇ. ಮಗು ಮಲಗುವ ಹೊತ್ತಿಗೆ ಸರಿಯಾಗಿ ಆಕಾಶವೇ ಪರದೆ ಎಳೆದುಕೊಡುತ್ತದೆ. ಇಂಥ ಊರಿನಲ್ಲಿ ಇದ್ದುಕೊಂಡು ಬೇರೆ ಆಕಾಶದ ಕೆಳಗೆ ಹುಟ್ಟಿದ ಸಲಹೆಯನ್ನು, ಅದೂ ರಾತ್ರಿಯ ಸಲಹೆಯನ್ನು, ತಂದು ಹಗಲಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಇನ್ನೂ ಒಂದು ಮಾತು. ಫಿನ್‌ಲೆಂಡ್, ಸ್ವೀಡನ್, ಡೆನ್ಮಾರ್ಕಿನಲ್ಲಿ ಬೇಸಗೆಯ ರಾತ್ರಿ ಇನ್ನೂ ಚಿಕ್ಕದು. ಅಲ್ಲಿ ಹಗಲು ನಿದ್ದೆಗೆ ಮಕ್ಕಳನ್ನು ಬೆಚ್ಚಗೆ ಹೊದಿಸಿ ತಳ್ಳುಗಾಡಿಯಲ್ಲಿ ಮನೆಯ ಹೊರಗೆ ಮಲಗಿಸುತ್ತಾರೆ. ಚಳಿಗಾಲದಲ್ಲೂ ಸೈತ.

ಈಗ ಮೊದಲ ವಾರದ ವಿಷಯ. ಈ ಬರಹದಲ್ಲಿ ಬೇರೆ ಏನೂ ನೆನಪಿಡದಿದ್ದರೂ ಪರವಾಗಿಲ್ಲ, ಇದನ್ನು ಇಟ್ಟುಕೊಳ್ಳಿ.

ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಮೊದಲ ವಾರ ಸ್ವಲ್ಪವಾದರೂ ಕಾಮಾಲೆ ಕಾಣಿಸುತ್ತದೆ. ಸಾಮಾನ್ಯವಾಗಿ ಎರಡು ಮೂರನೇ ದಿನ ಶುರುವಾಗಿ ಐದನೇ ದಿನದ ಹೊತ್ತಿಗೆ ಏರಿ ತಾನಾಗಿ ಇಳಿಯುತ್ತದೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಮಾತ್ರ ಬಿಲಿರುಬಿನ್ ಅನ್ನುವ ಹಳದಿ ವಸ್ತು ರಕ್ತದಲ್ಲಿ ತುಂಬಾ ಏರಿ ಮಿದುಳಿಗೆ ಇಳಿಯುತ್ತದೆ. ಆಗ ಕಿವಿ ಕೇಳದೆ ಹೋಗಬಹುದು, ಕೈಕಾಲಿನ ಹಿಡಿತ ತಪ್ಪಬಹುದು, ಜೀವಕ್ಕೇ ಅಪಾಯ ಆಗಬಹುದು. ಹೊತ್ತಿಗೆ ಸರಿಯಾಗಿ ನೋಡಿದರೆ ತಡೆಯಬಹುದಾದ ಕಾಯಿಲೆ ಇದು. ನೋಡಬೇಕು ಅಷ್ಟೇ. ಹಳದಿಯನ್ನು ಕತ್ತಲಲ್ಲಿ ಹೇಗೆ ನೋಡುತ್ತೀರಿ?

ಆಸ್ಪತ್ರೆಯಿಂದ ಎರಡು ಮೂರನೇ ದಿನಕ್ಕೆ ಮನೆಗೆ ಕಳಿಸುತ್ತಾರೆ. ಕಾಮಾಲೆ ಏರುವ ದಿನಗಳಲ್ಲಿ ಮಗು ನೇರವಾಗಿ ಬಾಣಂತಿ ಕೋಣೆಯ ಒಳಗೆ ಇರುತ್ತದೆ. ಕಿಟಕಿ ಮುಚ್ಚಿದೆ, ಹಳದಿ ಬಲ್ಬು ಉರಿಯುತ್ತಿದೆ, ಮಗುವಿನ ಮೈಗೆ ಅರಿಶಿನವನ್ನೂ ಹಚ್ಚಿರುತ್ತಾರೆ. ಆ ಬೆಳಕಿನಲ್ಲಿ ಎಲ್ಲ ಮಕ್ಕಳೂ ಹಳದಿಯೇ. ಅದಕ್ಕೇ ಕೈಮುಗಿದು ಕೇಳಿಕೊಳ್ಳುತ್ತೇನೆ, ಮೊದಲ ವಾರ ದಿನಾ ಬೆಳಗ್ಗೆ ಮಗುವನ್ನು ಕಿಟಕಿಯ ಹತ್ತಿರ ತನ್ನಿ. ಬಟ್ಟೆ ಬಿಚ್ಚಿ. ಹಣೆ, ಎದೆ, ಹೊಟ್ಟೆ, ಹೀಗೆ ಒಂದೊಂದು ಕಡೆ ಬೆರಳಿನಿಂದ ಮೆಲ್ಲಗೆ ಒತ್ತಿ ತೆಗೆಯಿರಿ. ಒತ್ತಿದ ಜಾಗದ ಚರ್ಮ ಕ್ಷಣಕಾಲ ಬಿಳುಪಾಗುತ್ತದೆ. ಆ ಬಿಳುಪಿನಲ್ಲಿ ಹಳದಿ ಇದೆಯಾ ನೋಡಿ. ಬಣ್ಣ ಕಪ್ಪಗಿರುವ ಮಗುವಾದರೆ ಕಣ್ಣಿನ ಬಿಳಿ ಭಾಗ, ಒಸಡು, ಅಂಗೈ, ಅಂಗಾಲು ನೋಡಿ. ಕಾಮಾಲೆ ಮುಖದಿಂದ ಶುರುವಾಗಿ ಕೆಳಗೆ ಇಳಿಯುತ್ತದೆ. ಅಂಗೈ ಅಂಗಾಲಿಗೆ ಬಂದಿದ್ದರೆ, ಹುಟ್ಟಿದ 24 ಗಂಟೆಯೊಳಗೇ ಹಳದಿ ಕಂಡಿದ್ದರೆ, ಮಗು ಹಾಲಿಗೆ ಏಳದೆ ಮಂಕಾಗಿದ್ದರೆ ನಾಮಕರಣ ಆಗಲಿ, ಹನ್ನೊಂದು ದಿನ ಕಳೆಯಲಿ ಅಂತ ಕಾಯಬೇಡಿ. ಆ ಗಳಿಗೆಯೇ ಹೊರಡಿ. ಕಡಿಮೆ ಬೆಳಕಿನ ಕೋಣೆಯಲ್ಲಿ "ಎಷ್ಟು ಚೆನ್ನಾಗಿ ಮಲಗುತ್ತೆ ನೋಡಿ" ಅಂತ ಅನ್ನಿಸುವ ಮಂಕು ಕೆಲವೊಮ್ಮೆ ನಿದ್ದೆಯೇ ಆಗಿರುವುದಿಲ್ಲ.

ಕಾಮಾಲೆಗೆ ಮದ್ದು ಬೆಳಕೇ ಅನ್ನುವುದು ಎಂಥ ಸಂಗತಿ ನೋಡಿ. "ಪಾಪೂನ ಲೈಟಲ್ಲಿ ಇಟ್ಟಿದ್ದಾರೆ" ಅಂತ ನಾವು ಹೇಳುತ್ತೇವಲ್ಲ, ಆ ನೀಲಿ ಲೈಟಿನ ಕಥೆ ಶುರುವಾದದ್ದು 1956ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ಸೀಮೆಯ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ. ಅಲ್ಲಿ ದಿನ ತುಂಬದೆ ಹುಟ್ಟಿದ ಮಕ್ಕಳ ವಾರ್ಡ್ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಜೀನ್ ವಾರ್ಡ್ ಅವರಿಗೆ ಮಕ್ಕಳಿಗೆ ಗಾಳಿ ಬೆಳಕು ಒಳ್ಳೆಯದು ಅನ್ನುವ ನಂಬಿಕೆ. ಬಿಸಿಲಿರುವ ದಿನ ಅಂಗಳಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಒಂದು ದಿನ ಒಂದು ಮಗುವಿನ ಬಟ್ಟೆ ಸರಿಸಿ ಡಾಕ್ಟರಿಗೆ ತೋರಿಸಿದರು. ಮೈಯೆಲ್ಲ ತಿಳಿಯಾಗಿತ್ತು, ಬಟ್ಟೆ ಮುಚ್ಚಿದ್ದ ಜಾಗ ಮಾತ್ರ ಗಾಢ ಹಳದಿ. ಅದೇ ಹೊತ್ತಿಗೆ ಕಿಟಕಿಯ ಬಿಸಿಲಿನಲ್ಲಿ ಮರೆತು ಇಟ್ಟಿದ್ದ ರಕ್ತದ ಮಾದರಿಯಲ್ಲೂ ಬಿಲಿರುಬಿನ್ ಇಳಿದಿದ್ದು ಕಂಡಿತು. 1958ರಲ್ಲಿ ಅಲ್ಲಿನ ಡಾಕ್ಟರುಗಳು ಇದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಇವತ್ತು ಆಸ್ಪತ್ರೆಗಳಲ್ಲಿ ಉರಿಯುವ ನೀಲಿ ಲೈಟು ಅಲ್ಲಿಂದ ಬಂದದ್ದು. ಹಾಗಂತ ಮನೆಯಲ್ಲಿ ಬಿಸಿಲಿಗೆ ಹಿಡಿದು ಕಾಮಾಲೆ ವಾಸಿ ಮಾಡುತ್ತೇವೆ ಅಂತ ಕೂರಬಾರದು. ಬಿಸಿಲಿನ ಲೆಕ್ಕ ಸಿಗುವುದಿಲ್ಲ, ಮೈ ಸುಡುತ್ತದೆ, ರಕ್ತ ಪರೀಕ್ಷೆ ಇಲ್ಲದೆ ಎಷ್ಟಿದೆ ಅಂತ ಗೊತ್ತಾಗುವುದಿಲ್ಲ. ಮನೆಯ ಬೆಳಕು ಇರುವುದು ಹಳದಿಯನ್ನು ಕಾಣುವುದಕ್ಕೆ. ವಾಸಿ ಮಾಡುವುದು ಆಸ್ಪತ್ರೆಯ ಕೆಲಸ.

ಮೂರು ನಾಲ್ಕು ತಿಂಗಳು ಕಳೆದ ಮೇಲೆ ಕಥೆ ಬದಲಾಗುತ್ತದೆ, ಅದನ್ನೂ ಹೇಳಬೇಕು. ಅಲ್ಲಿವರೆಗೆ ಎಲ್ಲಿ ಬೇಕಾದರೂ ಮಲಗುತ್ತಿದ್ದ ಮಗುವಿಗೆ ಈಗ ಲೋಕ ಕಾಣಿಸುತ್ತದೆ. ಫ್ಯಾನ್ ತಿರುಗುವುದು, ಕ್ಯಾಲೆಂಡರ್ ಅಲ್ಲಾಡುವುದು, ಬಾಗಿಲಲ್ಲಿ ಯಾರೋ ಹಾದು ಹೋಗುವುದು, ಎಲ್ಲವೂ ಬೇಕು. ನಿದ್ದೆ ತುಂಬಿದ್ದರೂ ಕಣ್ಣು ಬಿಡಿಸಿಕೊಂಡು ನೋಡುತ್ತದೆ. ನನ್ನ ಮಗ ಹೀಗೇ ಇದ್ದ. ಕಿಟಕಿಯ ಸರಳುಗಳ ನೆರಳು ಗೋಡೆಯ ಮೇಲೆ ಬಿದ್ದರೆ ಅದನ್ನೇ ನೋಡುತ್ತಾ ಕಾಲು ಬಡಿಯುತ್ತಿದ್ದ. ಮಗುವಿನ ನಿದ್ದೆಯ ಒಂದು ಸುತ್ತು ಸುಮಾರು 50 ನಿಮಿಷ. ಸುತ್ತು ಮುಗಿದಾಗ ಅರೆ ಎಚ್ಚರ ಆಗುತ್ತದೆ. ಆ ಗಳಿಗೆಯಲ್ಲಿ ಕಣ್ಣಿಗೆ ಹೊಳಪಾದದ್ದು ಏನಾದರೂ ಬಿದ್ದರೆ ಪೂರ್ತಿ ಎದ್ದುಬಿಡುತ್ತದೆ, ಏನೂ ಇಲ್ಲದಿದ್ದರೆ ಇನ್ನೊಂದು ಸುತ್ತಿಗೆ ಜಾರುತ್ತದೆ. ಮುಚ್ಚಿದ ರೆಪ್ಪೆಯೂ ಬೆಳಕನ್ನು ಪೂರ್ತಿ ತಡೆಯುವುದಿಲ್ಲ. ಇಂಥ ಮಕ್ಕಳಿಗೆ ಬೆಳಕು ತಗ್ಗಿಸಿದರೆ ನಿಜವಾಗಿಯೂ ಅನುಕೂಲ ಆಗುತ್ತದೆ. ಪರದೆ ಹಾಕಿದ ತಾಯಂದಿರು ಸುಳ್ಳು ಹೇಳುತ್ತಿಲ್ಲ.

ಆದರೆ ತಗ್ಗಿಸುವುದು ಎಷ್ಟು? ನಾವು ಕಿಟಕಿಯ ಕೆಳಗಿನ ಅರ್ಧಕ್ಕೆ ಹಳೇ ಪಂಚೆ ಕಟ್ಟುತ್ತಿದ್ದೆವು. ಮಲಗಿದ ಮಗುವಿನ ಕಣ್ಣಿಗೆ ನೇರ ಬೆಳಕು ಬೀಳುತ್ತಿರಲಿಲ್ಲ. ಮೇಲಿನ ಅರ್ಧದಿಂದ ಗಾಳಿಯೂ ಬರುತ್ತಿತ್ತು, ಹಗಲು ಹಗಲಾಗಿಯೇ ಇರುತ್ತಿತ್ತು. ಕೋಣೆಯಲ್ಲಿ ಕೂತು ಪೇಪರ್ ಓದಬಹುದು, ಆದರೆ ಕಣ್ಣಿಗೆ ಚುಚ್ಚುವುದಿಲ್ಲ, ನನ್ನ ಅಳತೆ ಅದು. ಮಗುವಿನ ಎದೆ ಏರಿಳಿಯುವುದು, ತುಟಿಯ ಬಣ್ಣ, ಮುಖದ ಮೇಲೆ ಬಟ್ಟೆ ಬಿದ್ದಿದೆಯಾ ಅನ್ನುವುದು ಬಾಗಿಲಿನಿಂದಲೇ ಕಾಣಬೇಕು. ಎದ್ದ ತಕ್ಷಣ ಪಂಚೆ ಸರಿಸಿ ಬೆಳಕಿಗೆ ಕರೆತರಬೇಕು.

ಸೆಕೆಯ ವಿಷಯ ಯಾರೂ ಹೇಳುವುದಿಲ್ಲ. ಏಪ್ರಿಲ್ ತಿಂಗಳ ಮೈಸೂರು ಈಗ ಹಿಂದಿನ ಮೈಸೂರು ಅಲ್ಲ. ಮಂಡ್ಯದಲ್ಲಂತೂ ತಾರಸಿ ಮನೆಗಳು ಮಧ್ಯಾಹ್ನಕ್ಕೆ ಕಾದು ಕೂರುತ್ತವೆ. ಕಿಟಕಿ ಬಾಗಿಲು ಮುಚ್ಚಿ, ದಪ್ಪ ಪರದೆ ಎಳೆದು, ಫ್ಯಾನ್ ಹಾಕಿರುತ್ತೀರಿ. ಕರೆಂಟ್ ಹೋಗುತ್ತದೆ. ಕೂಸಿಗೆ ಬೆವರಿ ಮೈ ತಂಪು ಮಾಡಿಕೊಳ್ಳುವ ಶಕ್ತಿ ಕಡಿಮೆ. ಮೈ ತುಂಬಾ ಬಿಸಿಯಾಗುವುದು ನಿದ್ದೆಯಲ್ಲಿ ಹಠಾತ್ತಾಗಿ ಉಸಿರು ನಿಲ್ಲುವ ಅಪಾಯವನ್ನು ಹೆಚ್ಚಿಸುತ್ತದೆ ಅಂತ ಡಾಕ್ಟರುಗಳು ಎಚ್ಚರಿಸುತ್ತಾರೆ. ತಳ್ಳುಗಾಡಿಯ ಮೇಲೆ, ತೊಟ್ಟಿಲಿನ ಮೇಲೆ ಕತ್ತಲಾಗಲಿ ಅಂತ ಬೆಡ್‌ಶೀಟ್ ಹೊದಿಸುವುದು ಇನ್ನೂ ಕೆಟ್ಟದ್ದು. ಒಳಗಿನ ಗಾಳಿ ಅಲ್ಲೇ ನಿಂತು ಕಾಯುತ್ತದೆ. ಸೊಳ್ಳೆಗೆ ಅಂತಾದರೆ ಸೊಳ್ಳೆ ಪರದೆ ಕಟ್ಟಿ, ಗಾಳಿ ಆಡುತ್ತದೆ. ಕತ್ತಲೆಗೂ ಗಾಳಿಗೂ ಜಗಳ ಬಂದರೆ ಗಾಳಿಯೇ ಗೆಲ್ಲಬೇಕು.

ನಮ್ಮ ಮನೆಗಳಲ್ಲಿ ಮಕ್ಕಳ ಗಡಿಯಾರ ಕೆಡುವುದು ಮಧ್ಯಾಹ್ನ ಅಲ್ಲವೇ ಅಲ್ಲ, ಸಂಜೆ. ಆರೂವರೆಗೆ ದೀಪ ಹಚ್ಚುವ ಹೊತ್ತಿಗೆ ಹಾಲಿನಲ್ಲಿ ಎರಡು ಎಲ್‌ಇಡಿ ಟ್ಯೂಬು ಉರಿಯುತ್ತವೆ. ಬೆಳ್ಳಗೆ, ಕಣ್ಣಿಗೆ ರಾಚುವ ಹಾಗೆ. ಟೀವಿಯಲ್ಲಿ ಧಾರಾವಾಹಿಗಳು ಒಂದಾದ ಮೇಲೆ ಒಂದು. ಮಗು ಅದೇ ಹಾಲಿನಲ್ಲಿ ತಾತನ ತೊಡೆಯ ಮೇಲೆ ಹತ್ತರವರೆಗೆ ಇರುತ್ತದೆ. 2018ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು ಇದನ್ನು 3ರಿಂದ 5 ವರ್ಷದ ಮಕ್ಕಳಲ್ಲಿ ಪರೀಕ್ಷಿಸಿದರು. ಮಲಗುವ ಮುಂಚಿನ ಒಂದು ಗಂಟೆ ಪ್ರಕಾಶವಾದ ಬೆಳಕಿನಲ್ಲಿ ಆಡಿದ ಮಕ್ಕಳಲ್ಲಿ ಮೆಲಟೋನಿನ್ ಸುಮಾರು 88% ಇಳಿದಿತ್ತು. ಲೈಟ್ ತಗ್ಗಿಸಿ ಮುಕ್ಕಾಲು ಗಂಟೆ ಕಳೆದರೂ ಹೆಚ್ಚಿನವರಲ್ಲಿ ಅದು ಅರ್ಧದಷ್ಟೂ ಮತ್ತೆ ಏರಿರಲಿಲ್ಲ. ಅವು ಸ್ವಲ್ಪ ದೊಡ್ಡ ಮಕ್ಕಳು, ನಿಜ. ಆದರೆ ಎಳೆಯ ಕಣ್ಣಿನ ಮಸೂರ ತುಂಬಾ ತಿಳಿ. ನಮಗಿಂತ ಜಾಸ್ತಿ ಬೆಳಕು ಒಳಗೆ ಹೋಗುತ್ತದೆ.

ಆದ್ದರಿಂದ ಪರದೆಗೆ ಇಟ್ಟ ದುಡ್ಡು, ಗಮನ ಎರಡನ್ನೂ ಸಂಜೆಗೆ ತಿರುಗಿಸಿ. ಏಳೂವರೆ ಎಂಟಕ್ಕೆ ಟ್ಯೂಬ್ ಆರಿಸಿ ಮೂಲೆಯಲ್ಲಿ ಹಳದಿ ಬಲ್ಬು ಹಾಕಿ. ಮಗು ಮಲಗುವ ಕೋಣೆಗೆ ಜೀರೋ ಬಲ್ಬು ಸಾಕು, ಕೆಂಪೋ ಕಿತ್ತಲೆಯೋ ಆದರೆ ಇನ್ನೂ ಒಳ್ಳೆಯದು. ನಡುರಾತ್ರಿ ಹಾಲು ಕುಡಿಸಲು, ಬಟ್ಟೆ ಬದಲಿಸಲು ಎದ್ದಾಗ ದೊಡ್ಡ ಲೈಟ್ ಹಾಕಬೇಡಿ, ಮೊಬೈಲನ್ನು ಮಗುವಿನ ಮುಖದ ಹತ್ತಿರ ಹಿಡಿಯಬೇಡಿ, ಜಾಸ್ತಿ ಮಾತಾಡಿಸಬೇಡಿ. ಹಗಲು ಬೇಕಾದಷ್ಟು ಮುದ್ದು ಮಾಡಬಹುದು.

ಎಷ್ಟು ನಿದ್ದೆ ಬೇಕು ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕ ಇದೆ. ಮೂರು ತಿಂಗಳವರೆಗೆ ದಿನಕ್ಕೆ 14ರಿಂದ 17 ಗಂಟೆ, 4ರಿಂದ 11 ತಿಂಗಳಿಗೆ 12ರಿಂದ 16 ಗಂಟೆ, ಹಗಲು ನಿದ್ದೆಯೂ ಸೇರಿ. ಮೂರು ನಾಲ್ಕು ಗಂಟೆಗಳ ಇಷ್ಟು ಅಗಲದ ಅಂತರ ಸುಮ್ನೆ ಕೊಟ್ಟಿದ್ದಲ್ಲ. ಮಕ್ಕಳಲ್ಲಿ ಅಷ್ಟು ವ್ಯತ್ಯಾಸ ಇರುತ್ತದೆ. ಹಗಲು ಮೂವತ್ತು ನಲವತ್ತು ನಿಮಿಷ ಮಲಗಿ ನಗುತ್ತಾ ಏಳುವ ಮಗುವಿಗೆ ಏನೂ ಕೊರತೆ ಇಲ್ಲ.

ಕತ್ತಲೆ ಕೋಣೆ ಎಲ್ಲರಿಗೂ ಸಿಗುವುದೂ ಇಲ್ಲ. ಒಂದೇ ಕೋಣೆಯ ಮನೆಯಲ್ಲಿ ಅಡುಗೆಯೂ ಅಲ್ಲೇ, ಓದುವ ಮಗುವೂ ಅಲ್ಲೇ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ಹೆಂಗಸರ ಮಕ್ಕಳಿಗೆ ಅಂತ ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ಮಾಡುವುದಾಗಿ ಹೇಳಿತು. ಇಂಥ ಕಡೆ ಹಲವು ಮಕ್ಕಳು ಒಟ್ಟಿಗೆ ಚಾಪೆಯ ಮೇಲೆ, ಹಗಲು ಬೆಳಕಿನಲ್ಲೇ ಮಲಗುತ್ತವೆ. ಅವುಗಳ ತಾಯಂದಿರಿಗೆ "ನಿಮ್ಮ ಮಗುವಿನ ನಿದ್ದೆ ಸರಿಯಾದ ನಿದ್ದೆಯಲ್ಲ" ಅಂತ ಹೇಳುವುದು ಅನ್ಯಾಯ, ಸುಳ್ಳು ಕೂಡ. ಕತ್ತಲಿಗೆ ಮಾತ್ರ ಒಗ್ಗಿದ ಮಗುವಿಗೆ ಮುಂದೆ ಛತ್ರದಲ್ಲಿ, ಬಸ್ಸಿನಲ್ಲಿ, ಅಜ್ಜಿಯ ಊರಲ್ಲಿ ಮಲಗುವುದು ಕಷ್ಟ ಆಗುತ್ತದೆ. ಆಗ ಮನೆಯಿಂದ ಹೊರಗೆ ಹೋಗಲಾರದೆ ಕಟ್ಟಿಬೀಳುವವಳು ತಾಯಿಯೇ.

ತಂಗಿ ಪರದೆ ತಂದಾಗಿದೆ, ದುಡ್ಡು ಕೊಟ್ಟಾಗಿದೆ. ವಾಪಸ್ ಕೊಡು ಅಂತ ನಾನು ಹೇಳಲಿಲ್ಲ. ಅದನ್ನು ನಿನ್ನ ಕೋಣೆಗೆ ಹಾಕಿಕೋ ಅಂದೆ. ರಾತ್ರಿ ಮೂರು ನಾಲ್ಕು ಸಲ ಎದ್ದು ಹಾಲು ಕುಡಿಸಿದವಳಿಗೆ ಹಗಲು ನಿದ್ದೆ ಸುಲಭಕ್ಕೆ ಬರುವುದಿಲ್ಲ. ದೊಡ್ಡವರ ಗಡಿಯಾರ ಗಟ್ಟಿ, ಬೆಳಕು ಇರುವಷ್ಟು ಹೊತ್ತೂ ಏಳು ಏಳು ಅನ್ನುತ್ತಿರುತ್ತದೆ. ಹೆರಿಗೆಯಾದ ಮೇಲೆ ನಿದ್ದೆಗೆಡುವುದಕ್ಕೂ ಮನಸ್ಸು ಕುಗ್ಗುವುದಕ್ಕೂ ನಂಟು ಇದೆ, ಅದನ್ನು ಬಾಣಂತಿಯ ಅಳು ಅಂತ ತಳ್ಳಿಹಾಕುವ ಹಾಗಿಲ್ಲ. ಹನ್ನೊಂದರ ಹಾಲು ಕುಡಿಸಿ ಪಾಪುವನ್ನು ಅಮ್ಮನ ಕೈಗೆ ಕೊಡು, ಅಮ್ಮ ಜಗುಲಿಯಲ್ಲೋ ಹಾಲಿನಲ್ಲೋ ಬೆಳಕಿರುವ ಕಡೆ ಅವಳನ್ನು ಮಲಗಿಸಿ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸಿಕೊಳ್ಳಲಿ. ನೀನು ಪರದೆ ಎಳೆದು, ಫೋನ್ ಹೊರಗಿಟ್ಟು, ಪಾಪು ಮತ್ತೆ ಹಾಲಿಗೆ ಅಳುವವರೆಗೆ ಮಲಗು ಅಂತ ಹೇಳಿದ್ದೇನೆ. ಅಮ್ಮನಿಗೂ ಹೇಳಿದ್ದೇನೆ, ಬಾಗಿಲು ತಟ್ಟಬೇಡ ಅಂತ.